ಡೆವನ್‌ನ ಸಣ್ಣ ರೈಲು ಲೈನ್‌ಗಳನ್ನು ಯಾಕೆ ಮುಚ್ಚಿದರು? ಮತ್ತೆ ಬರುತ್ತವಾ?

ಬಿಡೆಫರ್ಡ್‌ನವಳು
ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಡೆವನ್ ಕೌಂಟಿಯಲ್ಲಿರುವ ಕನ್ನಡದವರು, ರೈಲಿನ ವಿಷಯ ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಉತ್ತರಿಸಿ.

ನಾವು ಬಿಡೆಫರ್ಡ್‌ಗೆ ಬಂದು ಎರಡು ವರ್ಷವಾಯ್ತು. ವಾರಕ್ಕೆ ಮೂರು ದಿನ ನನಗೆ ಎಕ್ಸೆಟರ್‌ನಲ್ಲಿ ಕೆಲಸ. ಬೆಳಿಗ್ಗೆ ಕಾರಿನಲ್ಲಿ ಬಾರ್ನ್‌ಸ್ಟೇಪಲ್‌ಗೆ ಹೋಗಬೇಕು, ಕಾರು ಅಲ್ಲಿ ಬಿಟ್ಟು ರೈಲು ಹಿಡಿಯಬೇಕು. ರೈಲಿನಲ್ಲಿ ಒಂದು ಗಂಟೆಗೂ ಜಾಸ್ತಿ. ಬೇಸಿಗೆಯಲ್ಲಿ ಪ್ರವಾಸಿಗರ ಕಾರುಗಳ ಸಾಲು ಸಿಕ್ಕಿಬಿಟ್ಟರೆ ಬಾರ್ನ್‌ಸ್ಟೇಪಲ್‌ವರೆಗಿನ 9 ಮೈಲಿಗೇ ಮುಕ್ಕಾಲು ಗಂಟೆ ಹಿಡಿಯುತ್ತದೆ.

ಮೊನ್ನೆ ಭಾನುವಾರ ಟಾರ್ಕಾ ಟ್ರೇಲ್ ಅನ್ನೋ ನಡಿಗೆ-ಸೈಕಲ್ ದಾರಿಯಲ್ಲಿ ನಡೆದು ಇನ್‌ಸ್ಟೋವರೆಗೆ ಹೋದೆವು. ನೆಲ ಎಷ್ಟು ಸಮ ಅಂದರೆ ಎಲ್ಲೂ ಏರು ಅನ್ನಿಸಲೇ ಇಲ್ಲ. ಇನ್‌ಸ್ಟೋದಲ್ಲಿ ಒಂದು ಹಳೆಯ ಸಿಗ್ನಲ್ ಬಾಕ್ಸ್ ಇದೆ. ಗಾಜಿಗೆ ಹಣೆ ಒತ್ತಿ ಒಳಗೆ ನೋಡಿದೆ. ಲಿವರ್‌ಗಳು ಸಾಲಾಗಿ ನಿಂತಿವೆ, ಪಾಲಿಶ್ ಮಾಡಿಟ್ಟಿದ್ದಾರೆ. ಪಕ್ಕದಲ್ಲಿ ಪ್ಲಾಟ್‌ಫಾರಂ, ಅದರ ಕಲ್ಲಿನ ಅಂಚು ಹಾಗೇ ಇದೆ. ಹಳಿ ಇರಬೇಕಾದ ಜಾಗದಲ್ಲಿ ಟಾರು. ನಾನು ದಿನಾ ಕಾರಿನಲ್ಲಿ ಒದ್ದಾಡುವ ದಾರಿಯಲ್ಲೇ ಒಂದು ಕಾಲದಲ್ಲಿ ರೈಲು ಓಡ್ತಿತ್ತು ಅಂತ ಆಗ ಹೊಳೆಯಿತು. ನಿಜ ಹೇಳಬೇಕೆಂದರೆ ಸಂಕಟ ಆಯ್ತು.

ಯಾಕೆ ಮುಚ್ಚಿದರು? ಯಾರು ಮುಚ್ಚಿದರು? ಮತ್ತೆ ಬರೋದು ಸಾಧ್ಯವಾ?

ಹೊಸಬ
ಒಂದೇ ಉತ್ತರ: ಬೀಚಿಂಗ್. 1960ರ ದಶಕದಲ್ಲಿ ಬ್ರಿಟಿಷ್ ರೈಲ್ವೆಯ ಮುಖ್ಯಸ್ಥರಾಗಿದ್ದವರು.

ಹಳಿಪ್ರಿಯ
ಒಂದೇ ಹೆಸರಿನಲ್ಲಿ ಮುಗಿಯುವ ಕಥೆ ಅಲ್ಲ ಇದು. ಮೊದಲಿನಿಂದ ಹೇಳ್ತೀನಿ.

ಡೆವನ್‌ಗೆ ರೈಲು ಬಂದದ್ದು 1844ರ ಮೇ 1ರಂದು. ಬ್ರಿಸ್ಟಲ್ ಕಡೆಯಿಂದ ಎಕ್ಸೆಟರ್‌ವರೆಗೆ ಬಂತು. ಎಂಜಿನಿಯರ್ ಬ್ರೂನೆಲ್‌ನ ಅಗಲ ಹಳಿ ಅದು, 7 ಅಡಿಗಿಂತ ಕೂದಲೆಳೆ ಜಾಸ್ತಿ. 1854ರಲ್ಲಿ ಕ್ರೆಡಿಟನ್‌ನಿಂದ ಬಾರ್ನ್‌ಸ್ಟೇಪಲ್‌ಗೆ, 1855ರಲ್ಲಿ ನಿಮ್ಮ ಬಿಡೆಫರ್ಡ್‌ಗೆ, 1872ರಲ್ಲಿ ಟೊರಿಂಗ್ಟನ್‌ಗೆ. ಅಷ್ಟರಲ್ಲಿ ಇಲ್ಲಿ ಎರಡು ದೊಡ್ಡ ಕಂಪನಿಗಳ ಜಿದ್ದು ಶುರುವಾಗಿತ್ತು. ಒಂದು ಕಡೆ ಗ್ರೇಟ್ ವೆಸ್ಟರ್ನ್, ಇನ್ನೊಂದು ಕಡೆ ಲಂಡನ್ ಅಂಡ್ ಸೌತ್ ವೆಸ್ಟರ್ನ್. ಒಬ್ಬರು ಹೋದ ಊರಿಗೆ ಇನ್ನೊಬ್ಬರೂ ಹೋಗಬೇಕು. ಟಾವಿಸ್ಟಾಕ್ ಅನ್ನೋ ಪುಟ್ಟ ಊರಿಗೆ ಎರಡು ಸ್ಟೇಷನ್, ಎರಡು ಲೈನ್. ಪ್ಲಿಮತ್‌ಗೂ ಎರಡು ದಾರಿ.

ಎಕ್ಸೆಟರ್ ಸೇಂಟ್ ಡೇವಿಡ್ಸ್ ಸ್ಟೇಷನ್‌ನಲ್ಲಂತೂ ಲಂಡನ್‌ಗೆ ಹೊರಟ ಎರಡು ಕಂಪನಿಗಳ ರೈಲುಗಳು ಎದುರು ಬದುರು ದಿಕ್ಕಿಗೆ ಹೊರಡ್ತಿದ್ದವು. ಈಗಲೂ ಹಾಗೇ. ವಾಟರ್ಲೂ ರೈಲು ಒಂದು ಕಡೆಗೆ, ಪ್ಯಾಡಿಂಗ್ಟನ್ ರೈಲು ಇನ್ನೊಂದು ಕಡೆಗೆ. ಮುಂದಿನ ಸಲ ಗಮನಿಸಿ.

ಈ ಜಿದ್ದಿನಿಂದ ಕೌಂಟಿಯ ಮೂಲೆಮೂಲೆಗೂ ರೈಲು ಬಂತು. ಇಬ್ಬರಿಗೂ ಸಾಕಾಗುವಷ್ಟು ಜನ ಇಲ್ಲದ ಕಡೆಯೂ ಎರಡೆರಡು ಲೈನ್ ಬಂದವು. ಮುಂದೆ ಬಿದ್ದ ಹೊಡೆತದ ಬೇರು ಇಲ್ಲೇ ಇದೆ.

ರಾತ್ರಿಪಾಳಿ
ಎದುರು ದಿಕ್ಕಿನ ವಿಷಯ ನಿಜ. ನಾನು ಬಂದ ಹೊಸದರಲ್ಲಿ ತಪ್ಪು ಪ್ಲಾಟ್‌ಫಾರಂನಲ್ಲಿ ನಿಂತು ಲಂಡನ್ ರೈಲು ತಪ್ಪಿಸಿಕೊಂಡಿದ್ದೆ.

ಲೆಕ್ಕಿಗ
ಬೀಚಿಂಗ್ ಅವರನ್ನು ಬೈಯುವುದು ಸುಲಭ. ಅಂಕಿ ನೋಡೋಣ. 1963ರ ಮಾರ್ಚ್ 27ರಂದು ಅವರ ವರದಿ ಹೊರಗೆ ಬಂತು. ದೇಶದ ಒಟ್ಟು ರೈಲು ದಾರಿಯ ಮೂರನೇ ಒಂದು ಭಾಗದಲ್ಲಿ ಓಡಾಡ್ತಿದ್ದ ಪ್ರಯಾಣಿಕರು ಬರೀ ಶೇಕಡಾ 1. ಇದು ಸುಳ್ಳಲ್ಲ. ರೈಲ್ವೆ ಪ್ರತಿ ವರ್ಷ ನಷ್ಟದಲ್ಲಿ ಮುಳುಗ್ತಿತ್ತು. 2,363 ಸ್ಟೇಷನ್ ಮುಚ್ಚಿ ಅಂತ ಅವರು ಸುಮ್ನೆ ಹೇಳಲಿಲ್ಲ.

ಡೆವನ್‌ನ ಒಂದು ಉದಾಹರಣೆ ಕೊಡ್ತೀನಿ. ಟೊರಿಂಗ್ಟನ್‌ನಿಂದ ಹಾಲ್‌ವಿಲ್‌ಗೆ ಒಂದು ಲೈನ್ ಇತ್ತು, ಸುಮಾರು 20 ಮೈಲಿ. ಅದನ್ನು ತೆರೆದದ್ದೇ 1925ರಲ್ಲಿ. ಆ ಹೊತ್ತಿಗೆ ಹಳ್ಳಿಗಳಿಗೆ ಬಸ್ಸು ಲಾರಿ ಬಂದಾಗಿತ್ತು. ಸ್ಟೇಷನ್‌ಗಳು ಊರಿನಿಂದ ದೂರ. ಜೇಡಿಮಣ್ಣಿನ ಗಣಿಗೆ ಉಪಯೋಗವಾಯ್ತು, ಅಷ್ಟೇ. ಜನ ಹತ್ತಲೇ ಇಲ್ಲ. 1965ರ ಮಾರ್ಚ್‌ನಲ್ಲಿ ಪ್ರಯಾಣಿಕರ ರೈಲು ನಿಂತಾಗ ಅಳುವವರೂ ಇರಲಿಲ್ಲ. ಅಂಥ ಲೈನನ್ನು ಯಾರ ದುಡ್ಡಿನಲ್ಲಿ ಓಡಿಸಬೇಕಿತ್ತು?

ಹಳಿಪ್ರಿಯ
ಹಾಲ್‌ವಿಲ್ ಬಗ್ಗೆ ನೀವು ಹೇಳಿದ್ದು ಒಪ್ಪುತ್ತೇನೆ. ಆದರೆ ಅದೇ ಅಳತೆಗೋಲಿನಲ್ಲಿ ಇಲ್‌ಫ್ರಾಕೂಮ್ ಲೈನನ್ನು ಅಳೆದರು, ತಪ್ಪಾದದ್ದು ಅಲ್ಲಿ.

ಜನ ಎಣಿಸಿದ್ದು ಯಾವಾಗ ಗೊತ್ತಾ? 1961ರ ಏಪ್ರಿಲ್‌ನಲ್ಲಿ, ಒಂದೇ ಒಂದು ವಾರ. ಕಡಲ ತೀರದ ಊರಿಗೆ ಏಪ್ರಿಲ್‌ನಲ್ಲಿ ಯಾರು ಬರ್ತಾರೆ? ಜುಲೈ, ಆಗಸ್ಟ್ ಶನಿವಾರಗಳಲ್ಲಿ ಇಲ್‌ಫ್ರಾಕೂಮ್‌ಗೆ ರೈಲಿನ ಹಿಂದೆ ರೈಲು ಬರ್ತಿತ್ತು. ಇನ್ನೊಂದು ಮಾತು. ಟಿಕೆಟ್ ಮಾರಿದ ಸ್ಟೇಷನ್ನಿನ ಹೆಸರಿಗೇ ಆದಾಯ ಬರೆದರು. ಲಂಡನ್ನಿನಲ್ಲಿ ಟಿಕೆಟ್ ಕೊಂಡು ಇಲ್‌ಫ್ರಾಕೂಮ್‌ಗೆ ಬಂದವರ ದುಡ್ಡು ಲಂಡನ್ ಲೆಕ್ಕಕ್ಕೆ ಹೋಯಿತು. ಇಲ್‌ಫ್ರಾಕೂಮ್‌ನ ಖಾತೆಯಲ್ಲಿ ಬರೀ ಖರ್ಚು. ಹೀಗೆ ಲೆಕ್ಕ ಹಾಕಿದರೆ ಯಾವ ಬ್ರಾಂಚ್ ಲೈನ್ ಉಳಿಯುತ್ತದೆ?

ಲೆಕ್ಕಿಗ
ವರ್ಷದಲ್ಲಿ ಎಂಟು ಹತ್ತು ಶನಿವಾರಕ್ಕಾಗಿ ಇಡೀ ವರ್ಷ ಸ್ಟೇಷನ್, ಸಿಗ್ನಲ್, ಬೋಗಿ, ಸಿಬ್ಬಂದಿ ಎಲ್ಲವನ್ನೂ ಸಾಕಬೇಕಲ್ಲ? ಬೇಸಿಗೆ ಮುಗಿದ ಮೇಲೆ ಆ ಬೋಗಿಗಳು ಸೈಡಿಂಗ್‌ನಲ್ಲಿ ಸುಮ್ಮನೆ ನಿಲ್ಲುತ್ತಿದ್ದವು. ಆ ಖರ್ಚನ್ನೂ ವರದಿ ಎತ್ತಿ ಹೇಳಿದೆ.

ಹಳಿಪ್ರಿಯ
ಖರ್ಚು ಕಡಿಮೆ ಮಾಡಬಹುದಿತ್ತು. ಸಣ್ಣ ಡೀಸೆಲ್ ರೈಲು, ರೈಲಿನಲ್ಲೇ ಟಿಕೆಟ್, ಸಿಬ್ಬಂದಿ ಇಲ್ಲದ ಸ್ಟೇಷನ್. ಇವತ್ತು ಬಾರ್ನ್‌ಸ್ಟೇಪಲ್ ಲೈನ್ ಓಡ್ತಿರೋದು ಹೀಗೇ ತಾನೇ? ಆಗ ಎಷ್ಟೋ ಕಡೆ ಅದನ್ನು ಸರಿಯಾಗಿ ಪ್ರಯತ್ನಿಸಲೇ ಇಲ್ಲ, ನೇರ ಮುಚ್ಚಿದರು.

ಸೈಕಲ್ ಸವಾರ
ನನ್ನದು ಬೇರೆ ಅಭಿಪ್ರಾಯ, ಬೇಜಾರಾಗಬೇಡಿ. ಟಾರ್ಕಾ ಟ್ರೇಲ್ ಇರೋದರಿಂದ ನನ್ನಂಥವರು ಕಾರಿಲ್ಲದೆ ಬದುಕ್ತಿದ್ದೇವೆ. ಫ್ರೆಮಿಂಗ್ಟನ್ ಕೀಯಿಂದ ಬಾರ್ನ್‌ಸ್ಟೇಪಲ್‌ಗೆ ದಿನಾ ಸೈಕಲ್‌ನಲ್ಲಿ ಹೋಗಿಬರ್ತೀನಿ. ಬೆಳಿಗ್ಗೆ ಒಂದು ಕಡೆ ಟಾ ನದಿ, ನೀರು ಇಳಿದಾಗ ಕೆಸರಿನಲ್ಲಿ ಹಕ್ಕಿಗಳು. ವ್ಹೀಲ್‌ಚೇರ್‌ನವರು ಬರ್ತಾರೆ, ಮಕ್ಕಳು ಬರ್ತಾರೆ. ರೈಲು ಬಂದರೆ ಈ ದಾರಿ ಏನಾಗುತ್ತೆ?

ಬಿಡೆಫರ್ಡ್‌ನವಳು
ಬೇಜಾರು ಯಾಕೆ? ನಾವೂ ಅದೇ ದಾರಿಯಲ್ಲಿ ನಡೆದವರು. ಆದರೆ ಇದು ನಾನು ಯೋಚಿಸಿರಲಿಲ್ಲ. ಎರಡೂ ಒಟ್ಟಿಗೆ ಇರಲು ಜಾಗ ಸಾಲುತ್ತದಾ?

ನಕ್ಷೆಗಾರ
ಬಹಳ ಕಡೆ ಸಾಲುತ್ತದೆ. ಬಾರ್ನ್‌ಸ್ಟೇಪಲ್‌ನಿಂದ ಬಿಡೆಫರ್ಡ್‌ವರೆಗೆ ಮೊದಲು ಜೋಡಿ ಹಳಿ ಇದ್ದ ಭಾಗಗಳಿವೆ. ಒಂಟಿ ಹಳಿ ಹಾಕಿ ಪಕ್ಕದಲ್ಲಿ ಬೇಲಿ ಕಟ್ಟಿ ಸೈಕಲ್ ದಾರಿ ಬಿಡಬಹುದು. ಕೆಲವು ಸೇತುವೆಗಳ ಹತ್ತಿರ ಕಷ್ಟ. ಟ್ರೇಲ್ ಮಾಡಿದ್ದರಿಂದ ಒಂದು ಉಪಕಾರ ಆಗಿದೆ. ಜಾಗ ಒಂದೇ ಕೈಯಲ್ಲಿ ಉಳಿಯಿತು, ಮನೆ ಕಟ್ಟಲಿಲ್ಲ.

ಹಾಲ್‌ವಿಲ್ ಜಂಕ್ಷನ್ ನೋಡಿ. ನಾಲ್ಕು ಕಡೆಯಿಂದ ಲೈನ್ ಸೇರುತ್ತಿದ್ದ ಜಾಗ. ಈಗ ಸ್ಟೇಷನ್ ಇದ್ದಲ್ಲಿ ಮನೆಗಳು. ಅಲ್ಲಿನ ಒಂದು ಬೀದಿಯ ಹೆಸರು ಬೀಚಿಂಗ್ ಕ್ಲೋಸ್. ಆ ಫಲಕದ ಮುಂದೆ ನಿಂತು ನಾನು ತುಂಬಾ ಹೊತ್ತು ಮಾತಾಡಲಿಲ್ಲ.

ಹೊಸಬ
ಬೀಚಿಂಗ್ ಕ್ಲೋಸ್!! ನಿಜವಾಗಲೂ?

ನಕ್ಷೆಗಾರ
ನಿಜ. ಹೋಗಿ ನೋಡಿ ಬಂದಿದ್ದೀನಿ.

ಪ್ಲಿಮತ್ ಗೆಳೆಯ
ಎಲ್ಲರೂ ಬೀಚಿಂಗ್ ಅಂತೀರಿ, ಮಾರ್ಪಲ್ಸ್ ಹೆಸರು ಯಾರೂ ಎತ್ತಲಿಲ್ಲ. ಅರ್ನೆಸ್ಟ್ ಮಾರ್ಪಲ್ಸ್ ಆಗಿನ ಸಾರಿಗೆ ಮಂತ್ರಿ. ರಸ್ತೆ ಕಟ್ಟುವ ಕಂಪನಿಯನ್ನು ಸ್ಥಾಪಿಸಿದ್ದವರಲ್ಲಿ ಒಬ್ಬರು. ಬೀಚಿಂಗ್ ಅವರನ್ನು ಐಸಿಐ ಅನ್ನೋ ರಾಸಾಯನಿಕ ಕಂಪನಿಯಿಂದ ಕರೆತಂದು ವರ್ಷಕ್ಕೆ 24,000 ಪೌಂಡ್ ಸಂಬಳ ಕೊಟ್ಟದ್ದು ಅವರ ಕಾಲದಲ್ಲೇ. ವರದಿ ಬರೆದವರು ಬೀಚಿಂಗ್, ಸಹಿ ಹಾಕಿ ಮುಚ್ಚಿಸಿದವರು ಮಂತ್ರಿಗಳು. 1964ರ ಚುನಾವಣೆಯಲ್ಲಿ ಲೇಬರ್ ಪಕ್ಷ ದೊಡ್ಡ ಮುಚ್ಚುವಿಕೆ ನಿಲ್ಲಿಸ್ತೀವಿ ಅಂತ ಮಾತು ಕೊಟ್ಟು ಗೆದ್ದಿತು. ಆಮೇಲೆ? ಬಿಡೆಫರ್ಡ್ ಟೊರಿಂಗ್ಟನ್ 1965ರ ಅಕ್ಟೋಬರ್‌ನಲ್ಲಿ ಹೋಯ್ತು. ಸೀಟನ್ 1966ರಲ್ಲಿ. ಸಿಡ್‌ಮತ್ 1967ರಲ್ಲಿ. ಓಕ್‌ಹ್ಯಾಂಪ್ಟನ್‌ನಿಂದ ಟಾವಿಸ್ಟಾಕ್ ಮೇಲೆ ಪ್ಲಿಮತ್‌ಗೆ ಬರುತ್ತಿದ್ದ ನಮ್ಮ ಲೈನ್ 1968ರ ಮೇನಲ್ಲಿ. ಎಲ್ಲವೂ ಲೇಬರ್ ಕಾಲದಲ್ಲೇ.

ಹಳಿಪ್ರಿಯ
ಹೌದು. ಇನ್ನೂ ನೋವಿನ ಸಂಗತಿ ಒಂದಿದೆ. ಬಾರ್ಬರಾ ಕಾಸಲ್ ಸಾರಿಗೆ ಮಂತ್ರಿಯಾಗಿದ್ದಾಗ ತಯಾರಾದ 1968ರ ಕಾಯಿದೆಯಿಂದ, ಜನರಿಗೆ ಬೇಕಾದ ಆದರೆ ನಷ್ಟದಲ್ಲಿರುವ ಲೈನ್‌ಗಳಿಗೆ ಸರ್ಕಾರ ನೇರವಾಗಿ ದುಡ್ಡು ಕೊಡಲು ದಾರಿಯಾಯ್ತು. ಬಿಡೆಫರ್ಡ್ ಮುಚ್ಚಿದ್ದು ಅದಕ್ಕೆ ಬರೀ ಮೂರು ವರ್ಷ ಮೊದಲು.

ಲೆಕ್ಕಿಗ
ಅದೇ ಕಾಯಿದೆ ಬಂದ ಮೇಲೂ ಇಲ್‌ಫ್ರಾಕೂಮ್ 1970ರಲ್ಲಿ ಮುಚ್ಚಿತು, ಓಕ್‌ಹ್ಯಾಂಪ್ಟನ್ 1972ರಲ್ಲಿ. ಹಾಗಾಗಿ ಮೂರು ವರ್ಷದಲ್ಲಿ ಪಾರಾಗ್ತಿತ್ತು ಅಂತ ಖಚಿತವಾಗಿ ಹೇಳೋಕಾಗಲ್ಲ.

ಹಳಿಪ್ರಿಯ
ಸರಿ, ಅದು ನ್ಯಾಯವಾದ ಮಾತು. ಪಾರಾಗ್ತಿತ್ತು ಅಂತ ಹೇಳಲಾರೆ.

ಕಡಲೂರಿನ ಕಮಲ
ನಾನು ಲಿಂಟನ್ ಹತ್ತಿರ ಇರುವವಳು. ನಮ್ಮ ಲೈನ್ ಮುಚ್ಚಿದಾಗ ಬೀಚಿಂಗ್ ಇನ್ನೂ ರೈಲ್ವೆಗೆ ಬಂದೇ ಇರಲಿಲ್ಲ. ಲಿಂಟನ್–ಬಾರ್ನ್‌ಸ್ಟೇಪಲ್ ಕಿರು ರೈಲು ತೆರೆದದ್ದು 1898ರ ಮೇ ತಿಂಗಳು. ಹಳಿಯ ಅಗಲ ಎರಡು ಅಡಿಗಿಂತ ಅರ್ಧ ಇಂಚು ಕಡಿಮೆ. 19 ಮೈಲಿ ದಾರಿಗೆ ಒಂದೂವರೆ ಗಂಟೆ. ಬೆಟ್ಟದ ಮೈಗೆ ಅಂಟಿಕೊಂಡು ಸುತ್ತಿ ಸುತ್ತಿ ಹೋಗ್ತಿತ್ತು. ಲಿಂಟನ್ ಸ್ಟೇಷನ್ ಕಟ್ಟಿದ್ದು ಊರಿನ ಮೇಲೆ, ಗುಡ್ಡದಲ್ಲಿ. ಇಳಿದವರು ಸಾಮಾನು ಹೊತ್ತು ಕೆಳಗೆ ಬರಬೇಕು.

ಎಂಜಿನ್‌ಗಳಿಗೆ ಇಲ್ಲಿನ ನದಿಗಳ ಹೆಸರು: ಯೋ, ಎಕ್ಸ್, ಟಾ, ಲಿನ್. 1925ರಲ್ಲಿ ಲ್ಯೂ ಬಂತು. ಎಲ್ಲಾ ಮೂರಕ್ಷರ.

ರಸ್ತೆ ಸುಧಾರಿಸಿತು, ಬಸ್ಸು ಬಂತು, ಕಾರು ಬಂತು. ಮುಚ್ಚಬೇಡಿ ಅಂತ ವಾದಿಸಲು ಬಾರ್ನ್‌ಸ್ಟೇಪಲ್ ಸಭೆಗೆ ಹೋದ ಲಿಂಟನ್ ಜನರೇ ಕಾರಿನಲ್ಲಿ ಹೋದರು ಅಂತ ಇಲ್ಲಿ ಇವತ್ತಿಗೂ ಹೇಳ್ತಾರೆ. 1935ರ ಸೆಪ್ಟೆಂಬರ್ 29ರಂದು ಕೊನೆಯ ರೈಲು. ಮರುದಿನ ಬಾರ್ನ್‌ಸ್ಟೇಪಲ್ ಟೌನ್ ಸ್ಟೇಷನ್ನಿನಲ್ಲಿ ಯಾರೋ ಹೂವಿನ ಹಾರ ಇಟ್ಟರು. ಅದರ ಚೀಟಿಯಲ್ಲಿ, ಇದು ಸತ್ತಿಲ್ಲ, ಮಲಗಿದೆಯೋ ಏನೋ ಅನ್ನುವ ಅರ್ಥದ ಸಾಲು ಬರೆದಿತ್ತು. ಆಮೇಲೆ ಎಂಜಿನ್, ಬೋಗಿ, ಹಳಿ ಎಲ್ಲ ಹರಾಜು. ಲ್ಯೂ ಮಾತ್ರ ಹಡಗು ಹತ್ತಿ ಬ್ರೆಜಿಲ್‌ಗೆ ಹೋಯಿತು.

2004ರಿಂದ ವುಡಿ ಬೇ ಸ್ಟೇಷನ್‌ನಲ್ಲಿ ಸ್ವಯಂಸೇವಕರು ಒಂದು ಮೈಲಿಯಷ್ಟು ರೈಲು ಓಡಿಸ್ತಿದ್ದಾರೆ. ಉಳಿದದ್ದನ್ನು ಹೊಲ ಹೊಲವಾಗಿ ಕೊಂಡುಕೊಳ್ಳಬೇಕು. ಒಬ್ಬೊಬ್ಬ ರೈತನ ಮನೆ ಬಾಗಿಲಿಗೂ ಹೋಗಬೇಕು. ಹಳಿ ಹಾಕೋದಕ್ಕಿಂತ ಜಾಗ ವಾಪಸ್ ಪಡೆಯೋದೇ ದೊಡ್ಡ ಕಷ್ಟ.

ಮಲೆನಾಡಿಗ
ಬ್ರೆಜಿಲ್‌ಗೆ ಹೋದ ಎಂಜಿನ್ ಏನಾಯ್ತು?

ಕಡಲೂರಿನ ಕಮಲ
ಯಾರಿಗೂ ಸಿಕ್ಕಿಲ್ಲ. ಹುಡುಕಿದವರಿದ್ದಾರೆ. ಅದರ ಮಾದರಿಯಲ್ಲಿ ಹೊಸ ಎಂಜಿನ್ ಕಟ್ಟಿದ್ದಾರೆ, ಲಿಡ್ ಅಂತ ಹೆಸರು. ಅದೂ ಮೂರಕ್ಷರ.

ಹೊಸಬ
ಲ್ಯೂ, ಯೋ, ಟಾ ಹೇಗೆ ಮೂರಕ್ಷರ?

ಕಡಲೂರಿನ ಕಮಲ
ಇಂಗ್ಲಿಷಿನಲ್ಲಿ ಬರೆದು ನೋಡಿ 🙂

ಮಲೆನಾಡಿಗ
ಈ ಕಥೆ ಓದ್ತಾ ನಮ್ಮ ಶಿವಮೊಗ್ಗ–ತಾಳಗುಪ್ಪ ಲೈನ್ ನೆನಪಾಯ್ತು. ಮೀಟರ್ ಗೇಜ್ ಕಾಲದಲ್ಲಿ ಕೊನೆಗೆ ಅಲ್ಲಿ ರೈಲ್‌ಬಸ್ ಓಡ್ತಿತ್ತು. ಚಿಕ್ಕವನಿದ್ದಾಗ ಸಾಗರಕ್ಕೆ ಅದರಲ್ಲಿ ಹೋಗಿದ್ದೆ. ಇದೂ ಮುಚ್ಚಿ ಹೋಗುತ್ತೆ ಅಂತ ಊರಲ್ಲಿ ಎಲ್ಲರೂ ಅಂತಿದ್ದರು. ಆದರೆ ಬ್ರಾಡ್ ಗೇಜ್ ಮಾಡಿದರು, ಈಗ ಬೆಂಗಳೂರು ಮೈಸೂರಿನ ರೈಲೇ ಬರುತ್ತೆ. ಹಳಿ ಜಾಗ ಯಾರಿಗೂ ಮಾರಿರಲಿಲ್ಲ, ಅದಕ್ಕೇ ಆಯ್ತು.

ಪ್ಲಿಮತ್ ಗೆಳೆಯ
ಇಲ್ಲಿನ ಕಥೆಯೂ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತೆ, ನೋಡಿ. ಡಾಲಿಶ್ ವಿಷಯ ಹೇಳಲೇಬೇಕು.

ಎಕ್ಸೆಟರ್‌ನಿಂದ ಪ್ಲಿಮತ್‌ಗೆ ಈಗ ಉಳಿದಿರುವುದು ಒಂದೇ ದಾರಿ. ಅದು ಡಾಲಿಶ್‌ನಲ್ಲಿ ಸಮುದ್ರದ ಪಕ್ಕಕ್ಕೇ ಇದೆ. ಕಿಟಕಿಯಿಂದ ನೋಡಿದರೆ ಅಲೆ ಕೈಗೆ ಸಿಗುವ ಹಾಗೆ. 2014ರ ಫೆಬ್ರವರಿ 4ರ ರಾತ್ರಿ ಬಿರುಗಾಳಿಗೆ ಗೋಡೆ ಒಡೆದು ಹೋಯ್ತು. ಕೆಳಗಿನ ಮಣ್ಣೆಲ್ಲ ಸಮುದ್ರ ಪಾಲು, ಹಳಿಗಳು ಹಗ್ಗದ ಏಣಿ ಹಾಗೆ ಗಾಳಿಯಲ್ಲಿ ತೂಗಾಡ್ತಿದ್ದವು. ಆ ಫೋಟೋ ನೀವೆಲ್ಲ ನೋಡಿರ್ತೀರಿ. ಏಪ್ರಿಲ್ 4ರವರೆಗೆ, ಎರಡು ತಿಂಗಳು, ಪ್ಲಿಮತ್ ಮತ್ತು ಇಡೀ ಕಾರ್ನ್‌ವಾಲ್‌ಗೆ ದೇಶದ ರೈಲು ಸಂಪರ್ಕವೇ ಇರಲಿಲ್ಲ.

ನಾನಾಗ ವಾರಕ್ಕೊಮ್ಮೆ ಬ್ರಿಸ್ಟಲ್‌ಗೆ ಹೋಗ್ತಿದ್ದೆ. ರೈಲಿನ ಬದಲು ಬಿಟ್ಟ ಬಸ್ಸಿನಲ್ಲಿ ಕೂತು ಹೋಗುವಾಗ ಡಾರ್ಟ್‌ಮೂರ್ ಗುಡ್ಡ ಕಾಣ್ತಿತ್ತು. ಆ ಗುಡ್ಡದ ಆಚೆ ಬದಿಯಲ್ಲಿ ಓಕ್‌ಹ್ಯಾಂಪ್ಟನ್ ದಾರಿ ಇತ್ತು. ಸಮುದ್ರದ ಗೊಡವೆಯೇ ಇಲ್ಲದ ದಾರಿ. ಅದನ್ನು 1968ರಲ್ಲೇ ಮುಚ್ಚಿದ್ದರು. ಮತ್ತೆ ಕಟ್ಟೋಕೆ ಎಷ್ಟಾಗುತ್ತೆ ಅಂತ 2014ರಲ್ಲೇ ಹಳಿಗಳನ್ನು ನೋಡಿಕೊಳ್ಳುವ ಸಂಸ್ಥೆ ನೆಟ್‌ವರ್ಕ್ ರೈಲ್ ಲೆಕ್ಕ ಹಾಕಿತು: 87.5 ಕೋಟಿ ಪೌಂಡ್. ಅಲ್ಲಿಗೆ ಮಾತು ನಿಂತಿತು. ಡಾಲಿಶ್‌ನಲ್ಲಿ ಎತ್ತರದ ಹೊಸ ಗೋಡೆ ಕಟ್ಟಿದರು.

ಮುಚ್ಚುವಾಗ ಈ ಎರಡನೇ ದಾರಿಯ ಬೆಲೆ ಎಷ್ಟು ಅಂತ ಯಾವ ಕಾಲಂನಲ್ಲಿ ಬರೆದಿದ್ದರು? ಲೆಕ್ಕಿಗ ಅವರೇ, ಇದಕ್ಕೆ ಉತ್ತರ ಕೊಡಿ.

ಲೆಕ್ಕಿಗ
ಬರೆದಿರಲಿಲ್ಲ. ಎರಡು ದಾರಿ ಇದ್ದರೆ ಒಂದು ದಂಡ ಅನ್ನುವುದೇ ಆಗಿನ ವಿಚಾರ. ಇಲ್ಲಿ ಲೆಕ್ಕ ತಪ್ಪಿತು ಅಂತ ನಾನೂ ಒಪ್ಪುತ್ತೇನೆ. ಹಾಲ್‌ವಿಲ್ ಬೇರೆ, ಇದು ಬೇರೆ.

ರಾತ್ರಿಪಾಳಿ
ಡಾಲಿಶ್ ಅಂದಾಗ ನೆನಪಾಯ್ತು. ಬ್ರೂನೆಲ್ ಅಲ್ಲಿ ಎಂಜಿನ್ನೇ ಇಲ್ಲದ ರೈಲು ಓಡಿಸಿದ್ದರಂತೆ? ಇಲಿಗಳು ಚರ್ಮ ತಿಂದು ಹಾಳಾಯ್ತು ಅಂತ ಒಬ್ಬರು ಹೇಳಿದ್ದರು.

ಹಳಿಪ್ರಿಯ
ಹೌದು, ಗಾಳಿಯ ಒತ್ತಡದ ರೈಲು. ಎರಡು ಹಳಿಗಳ ನಡುವೆ ಒಂದು ಕೊಳವೆ. ಅದರೊಳಗೆ ಪಿಸ್ಟನ್. ದಾರಿಯುದ್ದಕ್ಕೂ ಪಂಪ್‌ಮನೆ ಕಟ್ಟಿ ಕೊಳವೆಯೊಳಗಿನ ಗಾಳಿಯನ್ನು ಎಳೆದುಬಿಡೋರು. ಹಿಂದಿನ ಗಾಳಿ ಪಿಸ್ಟನ್ನನ್ನು ತಳ್ಳುತ್ತಿತ್ತು, ರೈಲು ಹೋಗ್ತಿತ್ತು. ಕೊಳವೆಯ ಮೇಲಿನ ಸೀಳನ್ನು ಮುಚ್ಚಲು ಚರ್ಮದ ಪಟ್ಟಿ. ಆ ಚರ್ಮ ಒಣಗಿ ಬಿರಿಯಿತು, ಗಾಳಿ ಸೋರಿತು. 1847ರ ಸೆಪ್ಟೆಂಬರ್‌ನಲ್ಲಿ ಶುರು, 1848ರ ಸೆಪ್ಟೆಂಬರ್‌ನಲ್ಲಿ ಬಂದ್. ಇಲಿಯ ಕಥೆ ಎಲ್ಲರೂ ಹೇಳ್ತಾರೆ, ಅದಕ್ಕೆ ಗಟ್ಟಿ ಆಧಾರ ಇಲ್ಲ. ಸ್ಟಾರ್‌ಕ್ರಾಸ್‌ನಲ್ಲಿ ಕೆಂಪು ಕಲ್ಲಿನ ಪಂಪ್‌ಮನೆ ಇನ್ನೂ ನಿಂತಿದೆ, ರೈಲಿನಿಂದಲೇ ಕಾಣುತ್ತೆ.

ನಕ್ಷೆಗಾರ
ಮೂಲ ಪ್ರಶ್ನೆಗೆ ಬರೋಣ. ಮತ್ತೆ ಬರುತ್ತವಾ ಅಂತ ಕೇಳಿದಿರಿ. ಡೆವನ್‌ನಲ್ಲಿ ಯಾವುದು ಉಳಿಯಿತು, ಯಾವುದು ಮರಳಿತು, ಯಾವುದು ಹೋಯಿತು ಅಂತ ನಾನು ನಕ್ಷೆಯ ಮೇಲೆ ಗುರುತು ಹಾಕಿ ನೋಡಿದ್ದೀನಿ. ನನಗೆ ಕಂಡದ್ದು ಇಷ್ಟು: ಯಾವ ಲೈನಿನಲ್ಲಿ ಜನ ಜಾಸ್ತಿ ಇದ್ದರು ಅನ್ನೋದಕ್ಕಿಂತ, ಮುಚ್ಚಿದ ಮೇಲೆ ಹಳಿಗೆ ಏನಾಯ್ತು ಅನ್ನೋದೇ ಅದರ ಹಣೆಬರಹ ಬರೆದಿದೆ.

ಓಕ್‌ಹ್ಯಾಂಪ್ಟನ್ ನೋಡಿ. 1972ರಲ್ಲಿ ಪ್ರಯಾಣಿಕರ ರೈಲು ನಿಂತಿತು. ಆದರೆ ಪಕ್ಕದ ಮೆಲ್ಡನ್‌ನಲ್ಲಿ ಕಲ್ಲಿನ ಕ್ವಾರಿ ಇತ್ತು. ರೈಲ್ವೆಗೇ ಬೇಕಾದ ಜಲ್ಲಿ ಅಲ್ಲಿಂದ ಬರ್ತಿತ್ತು. ಆ ಜಲ್ಲಿ ಗಾಡಿಗಳಿಗಾಗಿ ಹಳಿ ಉಳಿಯಿತು. 1997ರಿಂದ ಬೇಸಿಗೆಯ ಭಾನುವಾರಗಳಲ್ಲಿ ಕೌಂಟಿ ಕೌನ್ಸಿಲ್ ದುಡ್ಡಿನಲ್ಲಿ ಒಂದಿಷ್ಟು ರೈಲು ಓಡಿತು. ಕೊನೆಗೆ 2021ರ ನವೆಂಬರ್ 20ರಂದು ದಿನನಿತ್ಯದ ರೈಲು ಮರಳಿ ಬಂತು. 49 ವರ್ಷದ ಮೇಲೆ! 11 ಮೈಲಿ ಹೊಸ ಹಳಿ, 24,000 ಕಾಂಕ್ರೀಟ್ ಸ್ಲೀಪರ್. ಮೀಸಲಿಟ್ಟ ಹಣ 4.05 ಕೋಟಿ ಪೌಂಡ್, ಅದರಲ್ಲೂ ಉಳಿತಾಯ ಆಯ್ತು. ಆರು ತಿಂಗಳಲ್ಲೇ ಗಂಟೆಗೊಂದು ರೈಲು ಮಾಡಿದರು.

ಈಗ ಟೊರಿಂಗ್ಟನ್ ನೋಡಿ. ಅಲ್ಲಿಯೂ ಜೇಡಿಮಣ್ಣಿನ ಗಾಡಿಗಳು 1982ರವರೆಗೆ ಓಡಿದವು. ಆಮೇಲೆ ಅದೂ ನಿಂತಿತು, ಹಳಿ ಕಿತ್ತರು. ಮಣ್ಣಿನ ಗಾಡಿ ಇನ್ನೊಂದಿಷ್ಟು ವರ್ಷ ಓಡಿದ್ದರೆ ಬಿಡೆಫರ್ಡ್ ಕಥೆ ಬೇರೆಯೇ ಆಗ್ತಿತ್ತೋ ಏನೋ.

ಗನ್ನಿಸ್‌ಲೇಕ್ ಬ್ರಾಂಚ್ ಉಳಿದದ್ದು ಯಾಕೆ? ಆ ಕಡೆ ಟೇಮರ್ ನದಿ, ಕಡಿದಾದ ಗುಡ್ಡ, ಸರಿಯಾದ ರಸ್ತೆಯೇ ಇಲ್ಲ. ಬಸ್ ಬಿಡೋಕೇ ಆಗಲಿಲ್ಲ.

ಟಿವರ್ಟನ್ ತಾತ
ನಮ್ಮೂರಿನ ಎಂಜಿನ್ ಮ್ಯೂಸಿಯಂನಲ್ಲಿದೆ. ನಂಬರ್ 1442. ಲೈನ್ ಹೋಯ್ತು, ಎಂಜಿನ್ ಉಳೀತು. ಮೊಮ್ಮಗನಿಗೆ ತೋರಿಸಲು ಆಗಾಗ ಹೋಗ್ತೀನಿ.

ಹಳಿಪ್ರಿಯ
ನಕ್ಷೆಗಾರರ ಮಾತಿಗೆ ಇನ್ನೊಂದು ಸೇರಿಸ್ತೀನಿ. ಆಶ್‌ಬರ್ಟನ್ ಬ್ರಾಂಚ್. 1958ರಲ್ಲೇ ಪ್ರಯಾಣಿಕರ ರೈಲು ನಿಂತಿತ್ತು. ಊರಿನವರು, ರೈಲು ಪ್ರೇಮಿಗಳು ಸೇರಿ ಅದನ್ನು ಉಗಿ ರೈಲಾಗಿ ಮತ್ತೆ ತೆರೆದರು. 1969ರ ಮೇನಲ್ಲಿ ವಿಧ್ಯುಕ್ತ ಉದ್ಘಾಟನೆಗೆ ಬಂದದ್ದು ಯಾರು ಗೊತ್ತಾ? ಸ್ವತಃ ಬೀಚಿಂಗ್. ಆಗ ಅವರು ಲಾರ್ಡ್ ಬೀಚಿಂಗ್.

ಆದರೆ ಬಕ್‌ಫಾಸ್ಟ್‌ಲೀಯಿಂದ ಆಶ್‌ಬರ್ಟನ್‌ವರೆಗಿನ ತುದಿ ಉಳಿಯಲಿಲ್ಲ. 1971ರಲ್ಲಿ ಎ38 ಹೆದ್ದಾರಿ ಅಗಲ ಮಾಡಲು ಆ ಜಾಗ ತೆಗೆದುಕೊಂಡರು. ಅಂದರೆ ಹಳಿ ಇತ್ತು, ಓಡಿಸಲು ಜನ ಸಿದ್ಧ ಇದ್ದರು, ಆದರೂ ರಸ್ತೆ ನುಂಗಿತು. ಇವತ್ತು ಆ ರೈಲು ಟಾಟ್ನೆಸ್‌ನಿಂದ ಬಕ್‌ಫಾಸ್ಟ್‌ಲೀವರೆಗೆ ಡಾರ್ಟ್ ನದಿಯ ಪಕ್ಕದಲ್ಲೇ ಹೋಗುತ್ತೆ. ಮಕ್ಕಳಿದ್ದರೆ ಕರೆದುಕೊಂಡು ಹೋಗಿ.

ಪ್ಲಿಮತ್ ಗೆಳೆಯ
ಟಾವಿಸ್ಟಾಕ್ ಜನರಿಗೂ ಇದೇ ಗತಿ. ಬೀರ್ ಆಲ್ಸ್‌ಟನ್‌ವರೆಗೆ ರೈಲು ಇದೆ. ಅಲ್ಲಿಂದ ಟಾವಿಸ್ಟಾಕ್‌ಗೆ ಐದಾರು ಮೈಲಿ ಹಳಿ ಹಾಕಿದರೆ ಸಾಕು. ಊರಿನಲ್ಲಿ ಹಳೆಯ ವಯಾಡಕ್ಟ್, ಅಂದರೆ ಕಣಿವೆ ದಾಟುವ ಎತ್ತರದ ರೈಲು ಸೇತುವೆ, ಇನ್ನೂ ನಿಂತಿದೆ. ಅದರ ಆಚೆ ಹಳಿ ಇದ್ದ ಜಾಗದಲ್ಲಿ ಕೌನ್ಸಿಲ್ ಕಚೇರಿ ಕಟ್ಟಿದ್ದಾರೆ. ಓಕ್‌ಹ್ಯಾಂಪ್ಟನ್‌ಗೆ ದುಡ್ಡು ಕೊಟ್ಟ ಅದೇ ಯೋಜನೆಯಲ್ಲಿ ಟಾವಿಸ್ಟಾಕ್ ಕೂಡ ಸಾಲಿನಲ್ಲಿತ್ತು. 2024ರ ಜುಲೈನಲ್ಲಿ ಹೊಸ ಸರ್ಕಾರ ಆ ಯೋಜನೆಯನ್ನೇ ಕೈಬಿಟ್ಟಿತು. ಆ ದಿನ ನಾನು ನಿಜಕ್ಕೂ ಕುಗ್ಗಿಹೋದೆ. ಟಾವಿಸ್ಟಾಕ್‌ನಿಂದ ಪ್ಲಿಮತ್‌ಗೆ ಕೆಲಸಕ್ಕೆ ಬರುವವರು ದಿನಾ ಎ386ರಲ್ಲಿ ನಿಲ್ತಾರೆ.

ಲೆಕ್ಕಿಗ
ಟಾವಿಸ್ಟಾಕ್ ಬೇಡ ಅಂತ ನಾನೂ ಹೇಳಲ್ಲ. ಜನಸಂಖ್ಯೆ ಇದೆ, ದೊಡ್ಡ ಊರಿಗೆ ಹೋಗುವ ಜನ ಇದ್ದಾರೆ. ಬಿಡೆಫರ್ಡ್ ಕೂಡ ಹಾಗೇ. ನನ್ನ ಜಗಳ ಎಲ್ಲಾ ಲೈನ್ ಉಳಿಸಬೇಕಿತ್ತು ಅನ್ನೋರ ಜೊತೆ ಮಾತ್ರ. ಹೆಮಿಯಾಕ್ ಬ್ರಾಂಚ್ ಎಷ್ಟು ನಿಧಾನ ಅಂದರೆ, ಚಕ್ರ ತಿರುಗುವ ವೇಗಕ್ಕೆ ವಿದ್ಯುತ್ ದೀಪ ಸರಿಯಾಗಿ ಉರಿಯದೆ 1960ರ ದಶಕದವರೆಗೂ ಬೋಗಿಯಲ್ಲಿ ಗ್ಯಾಸ್ ದೀಪ ಇತ್ತು. ಹಾಲಿನ ಟ್ಯಾಂಕರ್ ಅದರ ಜೀವ. 1975ರವರೆಗೆ ಹಾಲು ಸಾಗಿಸಿ ಅದರ ಕೆಲಸ ಮುಗಿಯಿತು.

ಹಳಿಪ್ರಿಯ
ಲೈನ್ ಮುಚ್ಚಲಿ, ಸರಿ. ಜಾಗ ಮಾರಬೇಡಿ, ಸೇತುವೆ ಒಡೆಯಬೇಡಿ. ಆಗ ಇಷ್ಟು ಮಾಡಿದ್ದರೆ ಸಾಕಿತ್ತು. ಬಾರ್ನ್‌ಸ್ಟೇಪಲ್‌ನಲ್ಲಿ ಟಾ ನದಿಯ ಮೇಲೆ ಬಾಗಿಕೊಂಡು ಹೋಗ್ತಿದ್ದ ಕಬ್ಬಿಣದ ಸೇತುವೆ ಇತ್ತು, ಇಲ್‌ಫ್ರಾಕೂಮ್ ದಾರಿ. 1977ರಲ್ಲಿ ಅದನ್ನು ಕೆಡವಿದರು. ಅಲ್ಲಿಗೆ ಇಲ್‌ಫ್ರಾಕೂಮ್ ಆಸೆ ಮುಗಿಯಿತು.

ಲೆಕ್ಕಿಗ
ಜಾಗ ಇಟ್ಟುಕೊಳ್ಳೋದಕ್ಕೂ ಖರ್ಚಿದೆ. ಸೇತುವೆ ತುಕ್ಕು ಹಿಡಿಯುತ್ತೆ, ಬೇಲಿ ಬೀಳುತ್ತೆ. ಆದರೂ ನಿಮ್ಮ ಮಾತಿನಲ್ಲಿ ಸತ್ಯ ಇದೆ. ಮಾರಿ ಬಂದ ದುಡ್ಡು ಈಗಿನ ಖರ್ಚಿನ ಮುಂದೆ ಏನೂ ಅಲ್ಲ.

ಬಿಡೆಫರ್ಡ್‌ನವಳು
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒಂದೊಂದು ಉತ್ತರವನ್ನೂ ಎರಡೆರಡು ಸಲ ಓದಿದೆ.

ನಿನ್ನೆ ಶನಿವಾರ ಎಕ್ಸೆಟರ್‌ನಿಂದ ಓಕ್‌ಹ್ಯಾಂಪ್ಟನ್‌ಗೆ ಹೋಗಿ ಬಂದೆವು. ಕ್ರೆಡಿಟನ್ ದಾಟಿದ ಮೇಲೆ ಪಕ್ಕದಲ್ಲೇ ಇನ್ನೊಂದು ಹಳಿ ಬರುತ್ತಲ್ಲ, ಜೋಡಿ ಹಳಿ ಅಂದುಕೊಂಡಿದ್ದೆ. ಅಲ್ಲವಂತೆ. ಒಂದು ನಾನು ದಿನಾ ಹೋಗುವ ಬಾರ್ನ್‌ಸ್ಟೇಪಲ್ ಲೈನ್, ಇನ್ನೊಂದು ಓಕ್‌ಹ್ಯಾಂಪ್ಟನ್ ಲೈನ್. ಮೈಲಿಗಟ್ಟಲೆ ಒಟ್ಟಿಗೆ ಹೋಗಿ ಕೋಲ್‌ಫರ್ಡ್ ಹತ್ತಿರ ಬೇರೆಯಾಗ್ತವೆ. ಎರಡು ವರ್ಷದಿಂದ ಆ ಎರಡನೇ ಹಳಿಯನ್ನು ಕಿಟಕಿಯಿಂದ ನೋಡ್ತಾ ಇದ್ದೆ, ಅದು ಇನ್ನೊಂದು ಊರಿನ ಹಳಿ ಅಂತ ಗೊತ್ತೇ ಇರಲಿಲ್ಲ.

ಓಕ್‌ಹ್ಯಾಂಪ್ಟನ್ ಸ್ಟೇಷನ್ ಹಸಿರು ಬಣ್ಣ ಬಳಿದುಕೊಂಡು ಚೆನ್ನಾಗಿದೆ. ಇಳಿದವರಲ್ಲಿ ಅರ್ಧಕ್ಕರ್ಧ ಊರಿನವರೇ, ಕೈಯಲ್ಲಿ ಎಕ್ಸೆಟರ್ ಅಂಗಡಿಗಳ ಚೀಲ. ಅಲ್ಲಿಂದ ಮೆಲ್ಡನ್ ವಯಾಡಕ್ಟ್‌ವರೆಗೆ ನಡೆದೆವು. 1874ರದ್ದಂತೆ. ಕಬ್ಬಿಣದ ಕಂಬಗಳು ಎಷ್ಟು ಸಪೂರ! ಕೆಳಗೆ ನೋಡಿದರೆ ಕಾಲು ಜುಮ್ ಅನ್ನುತ್ತೆ. ಮೇಲೆ ಸೈಕಲ್‌ಗಳು ಹೋಗ್ತಿದ್ದವು, ಕಟ್ಟೆಯ ಮೇಲೆ ಕೂತು ಬುತ್ತಿ ಬಿಚ್ಚಿದೆವು.

ಬಾರ್ನ್‌ಸ್ಟೇಪಲ್–ಬಿಡೆಫರ್ಡ್ ಲೈನ್ ಮತ್ತೆ ಬೇಕು ಅಂತ ಇಲ್ಲಿ ಒಂದು ಗುಂಪು ಕೆಲಸ ಮಾಡ್ತಿದೆ ಅಂತ ಪಕ್ಕದ ಮನೆಯವರು ಹೇಳಿದರು. ಸದಸ್ಯಳಾಗೋಣ ಅಂತಿದ್ದೀನಿ.

ಸೈಕಲ್ ಸವಾರ
ಸೇರಿ. ನಾನೂ ಬರ್ತೀನಿ, ಆದರೆ ಒಂದು ಷರತ್ತು. ಟ್ರೇಲ್ ಉಳಿಯಬೇಕು. ಆ ಮಾತು ಸಭೆಯಲ್ಲಿ ಮೊದಲೇ ಎತ್ತುತ್ತೇನೆ.

ಬಿಡೆಫರ್ಡ್‌ನವಳು
ಒಪ್ಪಿದೆ. ನಾನು ನಿಮ್ಮ ಪಕ್ಕದಲ್ಲೇ ಕೂರ್ತೀನಿ.

ನಕ್ಷೆಗಾರ
ಹೋಗುವಾಗ ಹೇಳಿ. ಜೋಡಿ ಹಳಿ ಇದ್ದ ಭಾಗಗಳನ್ನು ಗುರುತು ಮಾಡಿದ ನಕ್ಷೆ ನನ್ನ ಹತ್ತಿರ ಇದೆ, ಪ್ರಿಂಟ್ ತೆಗೆದು ಕೊಡ್ತೀನಿ.

ರಾತ್ರಿಪಾಳಿ
ಇನ್‌ಸ್ಟೋ ಸಿಗ್ನಲ್ ಬಾಕ್ಸ್ ಕೆಲವು ಭಾನುವಾರ ತೆರೆದಿರುತ್ತೆ. ಒಳಗೆ ಹೋಗಿ ಲಿವರ್ ಎಳೆಯೋಕೂ ಬಿಡ್ತಾರೆ. ಗಾಜಿನ ಹೊರಗಿನಿಂದ ನೋಡಿದ್ದು ಸಾಕು, ಒಂದು ಭಾನುವಾರ ಎಲ್ಲರೂ ಅಲ್ಲೇ ಸೇರೋಣ್ವಾ?